ಬೆಳಿಗ್ಗೆ ಜಗ್ಗದ ಮಷಿನ್, ಮಧ್ಯಾಹ್ನ ಜಗ್ಗದ ಮಷಿನ್: ಹಳೆ ಎಚ್‌ಎಸ್‌ಟಿಗೆ ಚಳಿ ಮತ್ತು ಬಿಸಿಲು ಏನು ಮಾಡುತ್ತವೆ

ಭತ್ತದ ಕೊಯ್ಲು ಜೋರಾಗಿರುವ ಡಿಸೆಂಬರ್‌ನಲ್ಲಿ ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ ಕಡೆ ಬೆಳಗಿನ ಹೊತ್ತು ಒಂದು ದೂರು ಕೇಳಿಬರುತ್ತದೆ. "ಮಷಿನ್ ಜಗ್ಗವಲ್ದ್ರಿ ಅಣ್ಣಾರ." ಭತ್ತ ಕೊಯ್ಯುವ ಹಳೆಯ ಚೈನ್ ಮಷಿನ್ ಅದು. ಎಂಜಿನ್ ಸ್ಟಾರ್ಟ್ ಆಗಿದೆ, ಸದ್ದು ಸರಿಯಾಗಿದೆ, ಹೊಗೆಯೂ ಸರಿಯಾಗಿದೆ. ಆದರೆ ಲಿವರ್ ಮುಂದೆ ತಳ್ಳಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಕೂಗು ಎಬ್ಬಿಸಿ, ಎಳೆದೆಳೆದು ಹೊರಡುತ್ತದೆ. ಅರ್ಧ ತಾಸು ಕಳೆದರೆ ಎಲ್ಲ ಸರಿ.

ಏಪ್ರಿಲ್, ಮೇ ತಿಂಗಳ ಬೇಸಿಗೆ ಕೊಯ್ಲಿನಲ್ಲಿ ದೂರು ತಿರುಗುಮುರುಗು. ಬೆಳಿಗ್ಗೆ ಚೆನ್ನಾಗಿ ಓಡಿದ ಮಷಿನ್ ಮಧ್ಯಾಹ್ನ ಎರಡು ಗಂಟೆಗೆ ಬದು ಹತ್ತುವುದಿಲ್ಲ. ಧಾನ್ಯದ ಟ್ಯಾಂಕು ತುಂಬಿದ್ದರೆ ಕೆಸರಿನಲ್ಲಿ ನಿಂತೇ ಬಿಡುತ್ತದೆ.

ಎರಡಕ್ಕೂ ಜನ ಕೊಡುವ ಉತ್ತರ ಒಂದೇ: "ಎಚ್‌ಎಸ್‌ಟಿ ಹೋಗೇದ." ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಒತ್ತಡದಿಂದ ಚೈನಿಗೆ ಮುಟ್ಟಿಸುವ ಭಾಗವೇ ಎಚ್‌ಎಸ್‌ಟಿ. ಈ ಒಂದು ಮಾತಿನ ಮೇಲೆ ಚೆನ್ನಾಗಿರುವ ಪಂಪುಗಳನ್ನು ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಇದ್ದಾರೆ. ನಿಜ ಹೇಳಬೇಕೆಂದರೆ ಇವು ಎರಡು ಬೇರೆ ಬೇರೆ ತೊಂದರೆ. ಒಂದು ಬಹಳ ಸಲ ಫಿಲ್ಟರ್, ಪೈಪು, ಎಣ್ಣೆಯಲ್ಲಿ ಮುಗಿಯುತ್ತದೆ. ಇನ್ನೊಂದಕ್ಕೆ ಪಂಪು, ಮೋಟರ್ ಬಿಚ್ಚಲೇಬೇಕಾಗಬಹುದು. ಇವನ್ನು ಬೇರೆ ಮಾಡಲು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಮಷಿನ್ ಸೋಲುವುದು ತಣ್ಣಗಿದ್ದಾಗಲೋ, ಕಾದ ಮೇಲೋ?

ಇಲ್ಲಿ ಹೇಳುತ್ತಿರುವುದು ಎಚ್‌ಎಸ್‌ಟಿ ಇರುವ ಮಷಿನ್‌ಗಳ ಮಾತು. ದೊಡ್ಡ ಟೈರಿನ ಕೊಯ್ಲು ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ಬೆಲ್ಟು ಮತ್ತು ಗೇರ್‌ಬಾಕ್ಸೇ ಇರುತ್ತದೆ. ಕೆಸರು ಗದ್ದೆಗೆ ಇಳಿಯುವ ರಬ್ಬರ್ ಚೈನಿನ ಮಷಿನ್‌ಗಳು, ಕುಬೋಟಾ ಡಿಸಿ-68ಜಿ ಥರದವು, ಎಚ್‌ಎಸ್‌ಟಿಯ ಮೇಲೆ ನಡೆಯುತ್ತವೆ.

ಒಳಗೆ ಏನಿದೆ

ಎಚ್‌ಎಸ್‌ಟಿ ಅಂದರೆ ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಒಂದು ಹೈಡ್ರಾಲಿಕ್ ಮೋಟರಿಗೆ ಕಳಿಸುತ್ತದೆ. ಮೋಟರ್ ತಿರುಗಿ, ಗೇರುಗಳ ಮೂಲಕ ಚೈನನ್ನು ಓಡಿಸುತ್ತದೆ. ಮೋಟರಿನಿಂದ ಹೊರಬಂದ ಎಣ್ಣೆ ಟ್ಯಾಂಕಿಗೆ ಹೋಗುವುದಿಲ್ಲ, ನೇರವಾಗಿ ಪಂಪಿಗೇ ವಾಪಸ್ ಬರುತ್ತದೆ. ಹೀಗೆ ಪಂಪು ಮತ್ತು ಮೋಟರಿನ ನಡುವೆ ಎಣ್ಣೆ ಸುತ್ತುತ್ತಲೇ ಇರುತ್ತದೆ.

ಪಂಪಿನೊಳಗೆ ಒಂದು ಉಕ್ಕಿನ ಬ್ಲಾಕ್ ಇದೆ. ಅದರಲ್ಲಿ ವೃತ್ತಾಕಾರವಾಗಿ ಸಣ್ಣ ಸಣ್ಣ ಪಿಸ್ಟನ್‌ಗಳು. ಅವುಗಳ ಎದುರು ಒಂದು ತಟ್ಟೆ, ಸ್ವಾಶ್ ಪ್ಲೇಟ್. ಈ ತಟ್ಟೆಯನ್ನು ನಿಮ್ಮ ಲಿವರ್ ಓರೆ ಮಾಡುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ತಟ್ಟೆ ನೆಟ್ಟಗಿರುತ್ತದೆ. ಬ್ಲಾಕ್ ತಿರುಗುತ್ತದೆ, ಆದರೆ ಪಿಸ್ಟನ್‌ಗಳು ಒಳಗೆ ಹೊರಗೆ ಆಡುವುದಿಲ್ಲ. ಹಾಗಾಗಿ ಎಣ್ಣೆ ಹರಿಯುವುದಿಲ್ಲ. ತಟ್ಟೆ ಒಂದು ಕಡೆ ಓರೆಯಾದರೆ ಮಷಿನ್ ಮುಂದೆ, ಇನ್ನೊಂದು ಕಡೆ ಓರೆಯಾದರೆ ಹಿಂದೆ. ಎಷ್ಟು ಓರೆಯೋ ಅಷ್ಟು ವೇಗ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸವಿಲ್ಲದೆ ಬೆಳೆಯ ದಟ್ಟಣೆ ನೋಡಿ ವೇಗ ಏರಿಸಿ ಇಳಿಸಬಹುದು. ಭತ್ತದ ಮಷಿನ್‌ಗೆ ಇದು ಬಹಳ ದೊಡ್ಡ ಅನುಕೂಲ.

ಈ ಪಿಸ್ಟನ್‌ಗಳಿಗೆ ಎಂಜಿನ್ ಪಿಸ್ಟನ್ನಿನ ಹಾಗೆ ರಿಂಗ್ ಇರುವುದಿಲ್ಲ. ಲೋಹಕ್ಕೆ ಲೋಹ ಕೂತಿರುತ್ತದೆ. ನಡುವಿನ ಸಂದು ಕೂದಲಿನ ದಪ್ಪಕ್ಕಿಂತ ಕಡಿಮೆ. ಆ ಸಂದಿನಿಂದ ಯಾವಾಗಲೂ ಸ್ವಲ್ಪ ಎಣ್ಣೆ ಸೋರುತ್ತಿರುತ್ತದೆ. ಅದು ಸೋರಲೇಬೇಕು, ಯಾಕೆಂದರೆ ಆ ಸೋರಿಕೆಯೇ ಪಿಸ್ಟನ್ನಿಗೆ ಗ್ರೀಸು. ಸೋರಿದ್ದನ್ನು ತುಂಬಿಕೊಡಲು ಒಂದು ಚಿಕ್ಕ ಪಂಪು ಬೇರೆ ಇದೆ. ಅದೇ ಚಾರ್ಜ್ ಪಂಪು. ಟ್ಯಾಂಕಿನಿಂದ ಎಣ್ಣೆ ಎಳೆದು, ಎರಡು ಚೆಕ್ ವಾಲ್ವ್‌ಗಳ (ಎಣ್ಣೆಯನ್ನು ಒಂದೇ ಕಡೆ ಬಿಡುವ ವಾಲ್ವ್) ಮೂಲಕ ಸುತ್ತುವ ಎಣ್ಣೆಗೆ ಸೇರಿಸುವುದು ಅದರ ಕೆಲಸ. ದೊಡ್ಡ ಪಂಪಿನ ಕಡೆ ಒತ್ತಡ ನೂರಾರು ಬಾರ್‌ಗೆ ಏರುತ್ತದೆ (ಬಾರ್ ಎಂಬುದು ಒತ್ತಡದ ಅಳತೆ). ಚಾರ್ಜ್ ಪಂಪಿನದು ಅದರ ಮುಂದೆ ಬಹಳ ಕಡಿಮೆ. ಚಿಕ್ಕ ಗಾರ್ಡನ್ ಟ್ರ್ಯಾಕ್ಟರ್‌ಗಳಲ್ಲಿ 5ರಿಂದ 10 ಬಾರ್, ದೊಡ್ಡ ಯಂತ್ರಗಳಲ್ಲಿ 15ರಿಂದ 25 ಬಾರ್ ಆಸುಪಾಸು. ಆದರೂ ಚಾರ್ಜ್ ಪಂಪು ಸೋತರೆ ಇಡೀ ಎಚ್‌ಎಸ್‌ಟಿ ಸೋಲುತ್ತದೆ. ಚಳಿಗೆ ಮೊದಲು ಸಿಕ್ಕಿಬೀಳುವುದೂ ಇದೇ.

ಎಣ್ಣೆಯನ್ನು ಪಂಪು ಎಳೆಯುವುದಿಲ್ಲ

ಕಾಲುವೆಗೋ ಬಾವಿಗೋ ಮೋಟರ್ ಇಟ್ಟವರಿಗೆ ಇದು ಗೊತ್ತಿರುವ ವಿಷಯ. ಮಾನೋಬ್ಲಾಕ್ ಪಂಪನ್ನು ನೀರಿನಿಂದ 25 ಅಡಿಗಿಂತ ಮೇಲಿಟ್ಟರೆ ಅದು ನೀರು ಎತ್ತುವುದು ಕಷ್ಟ, ಎಷ್ಟೇ ಎಚ್‌ಪಿ ಇರಲಿ. ಕಾರಣ, ಪಂಪು ನೀರನ್ನು ಎಳೆಯುವುದೇ ಇಲ್ಲ. ಪಂಪು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲೆ ತಳ್ಳುತ್ತದೆ. ಗಾಳಿಯ ಒತ್ತಡವೋ ಬರೀ 1 ಬಾರ್. ಫುಟ್‌ವಾಲ್ವ್ ಕಟ್ಟಿಕೊಂಡರೂ ಅಷ್ಟೇ, ಪೈಪಿನ ಜಾಯಿಂಟು ಗಾಳಿ ಹಿಡಿದರೂ ಅಷ್ಟೇ, ಪಂಪು ಸುಮ್ನೆ ತಿರುಗುತ್ತದೆ.

ಚಾರ್ಜ್ ಪಂಪಿನ ಪರಿಸ್ಥಿತಿ ಅದೇ. ಟ್ಯಾಂಕಿನಿಂದ ಫಿಲ್ಟರ್ ದಾಟಿ ಎಣ್ಣೆ ಬರಬೇಕು. ತಳ್ಳಲು ಇರುವುದು ಅದೇ 1 ಬಾರ್. ಎಣ್ಣೆ ತೆಳುವಾಗಿದ್ದರೆ ಅಷ್ಟು ಸಾಕು. ದಪ್ಪಗಾದರೆ ಫಿಲ್ಟರಿನ ಕಾಗದದಲ್ಲೇ ಆ ಒತ್ತಡ ಮುಗಿದುಹೋಗುತ್ತದೆ. ಪಂಪಿನ ಬಾಯಿಗೆ ಸಾಕಷ್ಟು ಎಣ್ಣೆ ತಲುಪುವುದಿಲ್ಲ. ಅಲ್ಲಿ ಒತ್ತಡ ಕುಸಿದು, ಎಣ್ಣೆಯಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಆ ಗುಳ್ಳೆಗಳು ಪಂಪಿನ ಒತ್ತಡದ ಕಡೆಗೆ ಹೋದಾಗ ಒಡೆಯುತ್ತವೆ. ಬೆಳಿಗ್ಗೆ ಕೇಳುವ ಕೂಗು ಬಹಳ ಸಲ ಇದೇ. ಲೋಹದ ಮೇಲೆ ಗುಳ್ಳೆಗಳು ಒಡೆದೊಡೆದು ಅಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಒಂದು ದಿನದ ಕೂಗಿನಿಂದ ಏನೂ ಆಗದು. ಪ್ರತಿ ದಿನ ಕೂಗಿಸಿಕೊಂಡೇ ಕೆಲಸಕ್ಕೆ ಇಳಿಸಿದರೆ ಪಂಪು ಹಾಳಾಗುತ್ತದೆ.

ಎಣ್ಣೆ ಎಷ್ಟು ದಪ್ಪವಾಗುತ್ತದೆ

ಎಣ್ಣೆಯ ದಪ್ಪವನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೈಡ್ರಾಲಿಕ್ ಆಯಿಲ್ ಡಬ್ಬಿಯ ಮೇಲೆ 46 ಅಂತ ಇದ್ದರೆ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪ ಸುಮಾರು 46 ಸೆಂಟಿಸ್ಟೋಕ್ ಎಂದು ಅರ್ಥ. ಮಾಮೂಲಿ 46ರ ಎಣ್ಣೆಯನ್ನು 15 ಡಿಗ್ರಿಗೆ ಇಳಿಸಿದರೆ ಅದು ಸುಮಾರು 185 ಆಗುತ್ತದೆ. 80 ಡಿಗ್ರಿಗೆ ಏರಿಸಿದರೆ ಸುಮಾರು 11. ಸೊನ್ನೆ ಡಿಗ್ರಿಯಲ್ಲಿ 570 ದಾಟುತ್ತದೆ. ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋದರೆ 2500ರ ಹತ್ತಿರ.

ಪಿಸ್ಟನ್ ಪಂಪುಗಳಿಗೆ ಹಿತವಾದ ದಪ್ಪ ಸುಮಾರು 12ರಿಂದ 80. ಸ್ಟಾರ್ಟ್ ಮಾಡುವ ಸ್ವಲ್ಪ ಹೊತ್ತಿಗೆ ಸಾವಿರ, ಸಾವಿರದ ಐನೂರರವರೆಗೂ ತಡೆದುಕೊಳ್ಳುವಂತೆ ಅವನ್ನು ಮಾಡಿರುತ್ತಾರೆ, ಆದರೆ ಲೋಡ್ ಇಲ್ಲದೆ. ಏಳೆಂಟಕ್ಕಿಂತ ಕೆಳಗೆ ಇಳಿದರೆ ಲೋಹಗಳ ನಡುವೆ ಎಣ್ಣೆಯ ಪದರ ನಿಲ್ಲುವುದಿಲ್ಲ. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಹಿಮದಲ್ಲಿ ದುಡಿಯುವ ಹಳೆ ಗಾರ್ಡನ್ ಟ್ರ್ಯಾಕ್ಟರ್‌ಗಳು

ಚಳಿಯ ತೊಂದರೆಯನ್ನು ಪೂರ್ತಿ ರೂಪದಲ್ಲಿ ನೋಡಬೇಕೆಂದರೆ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾದ ಹಳೆ ಗಾರ್ಡನ್ ಟ್ರ್ಯಾಕ್ಟರ್‌ಗಳನ್ನು ನೋಡಬೇಕು. 1960ರ ದಶಕದ ಮಧ್ಯದಲ್ಲಿ ಅಲ್ಲಿ ಮನೆ ಹಿತ್ತಲಿನ ಚಿಕ್ಕ ಟ್ರ್ಯಾಕ್ಟರ್‌ಗಳಿಗೆ ಎಚ್‌ಎಸ್‌ಟಿ ಬಂತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕಬ್ ಕೆಡೆಟ್ 123, 1968ರಲ್ಲಿ ಬಂದ ಜಾನ್ ಡಿಯರ್ 140 ಈ ಸಾಲಿನವು. ಸಂಡ್‌ಸ್ಟ್ರ್ಯಾಂಡ್ ಎಂಬ ಕಂಪನಿಯ ಎಚ್‌ಎಸ್‌ಟಿಗಳು ಇಂಥ ಹಲವು ಟ್ರ್ಯಾಕ್ಟರ್‌ಗಳಲ್ಲಿ ಇದ್ದವು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಓಡುತ್ತಿವೆ. ಅಷ್ಟು ಗಟ್ಟಿ ಯಂತ್ರಗಳು ಅವು.

ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಈ ಟ್ರ್ಯಾಕ್ಟರ್‌ಗಳಿಗೆ ಚಳಿಗಾಲದಲ್ಲಿ ಹಿಮ ತಳ್ಳುವ ಕೆಲಸ. ಅಂದರೆ ಸೊನ್ನೆಗಿಂತ 15, 20 ಡಿಗ್ರಿ ಕೆಳಗಿರುವ ಮುಂಜಾನೆಯಲ್ಲೇ ಭಾರದ ದುಡಿಮೆ. ಕಬ್ ಕೆಡೆಟ್‌ನಂಥ ಮಾದರಿಗಳಲ್ಲಿ ಎಂಜಿನ್ನಿಗೂ ಎಚ್‌ಎಸ್‌ಟಿಗೂ ನೇರ ಶಾಫ್ಟ್ ಇದೆ, ನಡುವೆ ಕ್ಲಚ್ ಇಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟರ್ ಎಂಜಿನ್ ಜೊತೆಗೆ ಗಟ್ಟಿ ಎಣ್ಣೆಯಲ್ಲಿ ಮುಳುಗಿದ ಪಂಪನ್ನೂ ತಿರುಗಿಸಬೇಕು. ಚಳಿಗೆ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಎಂಜಿನ್ ನಿಧಾನಕ್ಕೆ ಸುತ್ತುತ್ತದೆ, ಹತ್ತುವುದಿಲ್ಲ. ಹತ್ತಿದರೂ ಕೆಲವು ನಿಮಿಷ ಟ್ರ್ಯಾಕ್ಟರ್ ಕದಲುವುದಿಲ್ಲ.

ಅಲ್ಲಿ ಇನ್ನೊಂದು ತೊಂದರೆ ನೀರು. ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಣ್ಣಗಾಗಿ ಹನಿಯಾಗಿ ಎಣ್ಣೆಗೆ ಸೇರುತ್ತದೆ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗುತ್ತದೆ. ಎಣ್ಣೆ ಎಳೆಯುವ ಪೈಪಿನ ಬಾಯಿ ಇರುವುದೂ ತಳದಲ್ಲೇ. ಆ ನೀರು ಮಂಜುಗಡ್ಡೆಯಾದರೆ ದಾರಿ ಕಟ್ಟಿತು. ಅಂಥ ಟ್ರ್ಯಾಕ್ಟರ್ ಬಿಸಿ ಶೆಡ್ಡಿನಲ್ಲಿ ಒಂದು ರಾತ್ರಿ ನಿಂತರೆ ಮರುದಿನ ಏನೂ ಆಗಿಲ್ಲದಂತೆ ಓಡುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ ವಿಷಯ. ಚಳಿಯಲ್ಲಿ ಕೆಲವು ಹಳೆ ಟ್ರ್ಯಾಕ್ಟರ್‌ಗಳು ನ್ಯೂಟ್ರಲ್‌ನಲ್ಲೇ ಮೆಲ್ಲಗೆ ಮುಂದೆ ತೆವಳುತ್ತವೆ. ಬಿಸಿಯಾದ ಮೇಲೆ ನಿಲ್ಲುತ್ತವೆ. ದಪ್ಪ ಎಣ್ಣೆಯಲ್ಲಿ ಶಕ್ತಿ ಕಡಿಮೆ ಆಗಬೇಕು, ಇದು ಹೇಗೆ ತಾನಾಗಿ ಓಡುತ್ತದೆ ಅನ್ನಿಸುತ್ತದೆ ಅಲ್ವಾ? ಲಿವರಿನ ಕೊಂಡಿಗಳು ಸವೆದು, ನ್ಯೂಟ್ರಲ್‌ನಲ್ಲೂ ತಟ್ಟೆ ಒಂದು ಎಳೆಯಷ್ಟು ಓರೆ ಉಳಿದಿರುತ್ತದೆ. ಹಾಗಾಗಿ ಪಂಪು ಸ್ವಲ್ಪ ಎಣ್ಣೆ ಕಳಿಸುತ್ತಲೇ ಇರುತ್ತದೆ. ಬಿಸಿ ಎಣ್ಣೆ ಆ ಸ್ವಲ್ಪವನ್ನು ಸಂದುಗಳಲ್ಲೇ ಸೋರಿಸಿಬಿಡುತ್ತದೆ, ಮೋಟರಿಗೆ ಏನೂ ತಲುಪುವುದಿಲ್ಲ. ತಣ್ಣನೆ ದಪ್ಪ ಎಣ್ಣೆ ಸೋರುವುದಿಲ್ಲ, ಅಷ್ಟೂ ಮೋಟರಿಗೆ ಹೋಗಿ ಚಕ್ರ ತಿರುಗುತ್ತದೆ. ಅಂದರೆ ಕೊಂಡಿಗಳ ಸವೆತವನ್ನು ಒಳಗಿನ ಸೋರಿಕೆ ಮುಚ್ಚಿಟ್ಟಿತ್ತು, ಚಳಿ ಅದನ್ನು ತೋರಿಸಿತು.

ಇದು ನಮ್ಮಲ್ಲೂ ಆಗುತ್ತದೆ. ಬೆಳಿಗ್ಗೆ ಮೊದಲ ಕೆಲಸ ಮಷಿನ್ ಅನ್ನು ಲಾರಿಗೆ ಹತ್ತಿಸುವುದೋ ಇಳಿಸುವುದೋ ಆಗಿದ್ದರೆ ಇದು ಅಪಾಯ. ನ್ಯೂಟ್ರಲ್ ಇದೆ ಎಂದು ನಂಬಿ ಮುಂದೆ ಯಾರೂ ನಿಲ್ಲಬಾರದು. ಪಾರ್ಕಿಂಗ್ ಬ್ರೇಕ್ ಹಾಕಿಯೇ ಇಳಿಯಬೇಕು. ಎಂಜಿನ್ ಆಫ್ ಆದ ಮೇಲೆ ಎಚ್‌ಎಸ್‌ಟಿ ಇಳಿಜಾರಿನಲ್ಲಿ ಮಷಿನ್ ಹಿಡಿದಿಡುವುದಿಲ್ಲ, ಅದೂ ಸೋರಿಕೆಯ ಕಾರಣಕ್ಕೇ.

ನಮ್ಮ ಚಳಿ ಅಷ್ಟು ದೊಡ್ಡದಲ್ಲ, ಅದೇ ಸುಳಿವು

ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 14ರಿಂದ 16 ಡಿಗ್ರಿ ಇರುವುದುಂಟು. ಕೆಲವು ದಿನ ಇನ್ನೂ ಒಂದೆರಡು ಡಿಗ್ರಿ ಕಡಿಮೆ. ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ತಡವಾಗಿ ಸಿಗುತ್ತದೆ, ನಾಟಿ ತಡ, ಕೊಯ್ಲೂ ತಡ. ಅವರ ಗದ್ದೆಗೆ ಮಷಿನ್ ಇಳಿಯುವುದು ಚಳಿ ಜೋರಾದಾಗಲೇ.

ಆದರೂ ಲೆಕ್ಕ ನೋಡಿ. 15 ಡಿಗ್ರಿಯಲ್ಲಿ 46ರ ಎಣ್ಣೆ 185. ಹಿತವಾದ ದಪ್ಪಕ್ಕಿಂತ ಜಾಸ್ತಿ ನಿಜ. ಆದರೆ ಸ್ಟಾರ್ಟಿಂಗ್‌ನಲ್ಲಿ ಪಂಪು ತಡೆದುಕೊಳ್ಳುವ ಮಿತಿಯ ಹತ್ತಿರಕ್ಕೂ ಹೋಗಿಲ್ಲ. ಸರಿಯಾದ ಎಣ್ಣೆ, ಸ್ವಚ್ಛ ಫಿಲ್ಟರ್, ಬಿಗಿ ಪೈಪುಗಳಿರುವ ಎಚ್‌ಎಸ್‌ಟಿ ನಮ್ಮ ಚಳಿಗೆ ಕೂಗಬಾರದು, ತಡವರಿಸಬಾರದು. ಕೂಗಿದರೆ ಅದು ಬೇರೆ ಏನನ್ನೋ ಹೇಳುತ್ತಿದೆ. ಆದ್ದರಿಂದ "ಚಳಿಗೆ ಹಂಗೇ ಇರ್ತದ ಬಿಡು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚಳಿಗಾಲದ ಬೆಳಿಗ್ಗೆ ನಮಗೆ ಪುಕ್ಕಟೆ ಸಿಗುವ ಪರೀಕ್ಷೆ.

ಮೊದಲ ಅನುಮಾನ ಫಿಲ್ಟರಿನ ಮೇಲೆ. ಅರ್ಧ ಕಟ್ಟಿಕೊಂಡ ಫಿಲ್ಟರ್ ಬಿಸಿ ಎಣ್ಣೆಯನ್ನು ಬಿಡುತ್ತದೆ, ತಣ್ಣನೆ ಎಣ್ಣೆಯನ್ನು ಬಿಡುವುದಿಲ್ಲ. ಫಿಲ್ಟರ್ ಬದಲಿಸಿದ ಮೇಲೂ ಕೂಗಿದರೆ ಹಾಕಿದ ಫಿಲ್ಟರ್ ಯಾವುದು ಅಂತ ನೋಡಿ. ಚೂಡಿ (ತಿರುಗಿಸಿ ಕೂರಿಸುವ ಎಳೆ) ಹೊಂದಿತು ಅಂತ ಎಂಜಿನ್ ಆಯಿಲ್ ಫಿಲ್ಟರ್ ಹಾಕಿರುವುದುಂಟು. ಎಂಜಿನ್ನಿನಲ್ಲಿ ಪಂಪು ಎಣ್ಣೆಯನ್ನು ಫಿಲ್ಟರಿನೊಳಕ್ಕೆ ಒತ್ತಿ ತಳ್ಳುತ್ತದೆ, ಆದ್ದರಿಂದ ಕಾಗದದ ತೂತುಗಳು ಬಹಳ ಸಣ್ಣವಿದ್ದರೂ ನಡೆಯುತ್ತದೆ. ಎಳೆಯುವ ಕಡೆಯ ಫಿಲ್ಟರಿಗೆ ಇರುವುದು 1 ಬಾರ್ ಮಾತ್ರ. ಅಲ್ಲಿ ಆ ಕೆಲಸಕ್ಕೆಂದೇ ಮಾಡಿದ ಫಿಲ್ಟರೇ ಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದೇ ಮೋಸ.

ಎರಡನೆಯ ಅನುಮಾನ ಎಣ್ಣೆ. ಹಿಂದಿನ ಮಾಲೀಕರೋ ಡ್ರೈವರೋ ಯಾವ ಎಣ್ಣೆ ಸುರಿದಿದ್ದಾರೆ ಎಂಬುದು ಹಳೆ ಮಷಿನ್‌ಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಟ್ರ್ಯಾಕ್ಟರಿನ 20ಡಬ್ಲ್ಯೂ-40 ಎಂಜಿನ್ ಆಯಿಲ್ ಇದ್ದರೆ 15 ಡಿಗ್ರಿಯಲ್ಲಿ ಅದು 46ರ ಎಣ್ಣೆಯ ಎರಡು ಪಟ್ಟಿಗಿಂತ ದಪ್ಪ. 90 ನಂಬರಿನ ಗೇರ್ ಆಯಿಲ್ ಇದ್ದರೆ ಸಾವಿರದ ಹತ್ತಿರ. ಆಗ ನಮ್ಮ ಹದಿನೈದು ಡಿಗ್ರಿಯ ಬೆಳಿಗ್ಗೆಯೇ ಆ ಪಂಪಿಗೆ ಕೆನಡಾ ಆಗಿಬಿಡುತ್ತದೆ. ಯಾವ ಎಣ್ಣೆ ಎಂದು ಖಾತ್ರಿ ಇಲ್ಲದಿದ್ದರೆ ಎಲ್ಲ ಖಾಲಿ ಮಾಡಿ ಕಂಪನಿಯ ಪುಸ್ತಕದಲ್ಲಿ ಹೇಳಿರುವುದನ್ನು ಹಾಕುವುದೇ ಒಳ್ಳೆಯದು. ಎಣ್ಣೆಯ ಖರ್ಚು ಜಾಸ್ತಿ ಅನ್ನಿಸಬಹುದು. ಪಂಪಿನ ಬೆಲೆ ಕೇಳಿದ ಮೇಲೆ ಹಾಗನ್ನಿಸುವುದಿಲ್ಲ.

ಮೂರನೆಯದು ಗಾಳಿ, ಹುಡುಕಲು ಇದೇ ಕಷ್ಟ. ಎಣ್ಣೆ ಎಳೆಯುವ ರಬ್ಬರ್ ಪೈಪು ವರ್ಷಗಳ ಬಿಸಿಲಿಗೆ ಗಟ್ಟಿಯಾಗಿರುತ್ತದೆ. ಚಳಿಯಲ್ಲಿ ಇನ್ನೂ ಗಟ್ಟಿಯಾಗಿ, ಕ್ಲಿಪ್ಪಿನ ಹತ್ತಿರ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಒಳಗೆ ಒತ್ತಡ ಕಡಿಮೆ, ಆದ್ದರಿಂದ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿ ಎಣ್ಣೆಯೂ ಬಿದ್ದಿರುವುದಿಲ್ಲ. ಬಿಸಿಯಾದ ಮೇಲೆ ರಬ್ಬರು ಮೆತ್ತಗಾಗಿ ಸಂದು ಮುಚ್ಚುತ್ತದೆ, ಮಷಿನ್ ಸರಿಹೋಯಿತು ಅನ್ನಿಸುತ್ತದೆ. ಮಷಿನ್ ಕೂಗುತ್ತಿರುವಾಗ ಆ ಜಾಯಿಂಟುಗಳ ಸುತ್ತ ದಪ್ಪಗೆ ಗ್ರೀಸ್ ಹಚ್ಚಿ ನೋಡಿ. ಕೂಗು ಕಡಿಮೆಯಾದರೆ ಗಾಳಿ ಹೋಗುತ್ತಿದ್ದ ಜಾಗ ಸಿಕ್ಕಿತು. ಬೆಲ್ಟುಗಳು ತಿರುಗುತ್ತಿರುತ್ತವೆ, ತೋಳಿನ ಬಟ್ಟೆ, ಟವೆಲ್ಲು ದೂರ ಇರಲಿ. ಒತ್ತಡದ ಕಡೆಯ ಪೈಪುಗಳಿಗೆ ಮಾತ್ರ ಹೀಗೆ ಕೈ ಹಾಕಲೇಬಾರದು. ನೂರಾರು ಬಾರ್‌ನಲ್ಲಿ ಚಿಮ್ಮುವ ಎಣ್ಣೆಯ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಬೆರಳೇ ಕಳೆದುಕೊಳ್ಳುವಷ್ಟು ಹಾನಿ ಆಗಿರಬಹುದು. ಅಂಥದ್ದೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆ ಕಡೆಯ ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ.

ಎಣ್ಣೆಯ ಬಣ್ಣವೂ ಮಾತಾಡುತ್ತದೆ. ಹಾಲಿನಂತೆ ಬೆಳ್ಳಗಿದ್ದರೆ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆಗೆ ತಿಳಿಯಾದರೆ ಅದು ಬರೀ ಗಾಳಿ. ಹಾಗೇ ಉಳಿದರೆ ನೀರು. ಒಂದೆರಡು ಹನಿಯನ್ನು ಕಾದ ತವೆಯ ಮೇಲೆ ಬಿಟ್ಟರೆ ನೀರಿದ್ದ ಎಣ್ಣೆ ಚಟಪಟ ಅನ್ನುತ್ತದೆ. ನಮ್ಮಲ್ಲಿ ನೀರು ಮಂಜುಗಡ್ಡೆ ಆಗುವುದಿಲ್ಲ ನಿಜ. ಆದರೆ ಸೀಜನ್ ಮುಗಿದ ಮೇಲೆ ತಿಂಗಳುಗಟ್ಟಲೆ ಮಷಿನ್ ನಿಂತಿರುತ್ತದೆ. ಅಷ್ಟು ದಿನ ನೀರು ಒಳಗಿದ್ದರೆ ನುಣುಪಾದ ಪಿಸ್ಟನ್‌ಗಳು ತುಕ್ಕು ಹಿಡಿಯುತ್ತವೆ. ಮಷಿನ್ ತೊಳೆಯುವಾಗ ನೀರಿನ ಜೆಟ್ಟನ್ನು ಟ್ಯಾಂಕಿನ ಮುಚ್ಚಳ, ಬ್ರೀದರ್ (ಟ್ಯಾಂಕಿಗೆ ಗಾಳಿ ಆಡುವ ತೂತು) ಕಡೆ ನೇರ ಹಿಡಿಯುವುದೇ ಒಳಗೆ ನೀರು ಹೋಗುವ ದೊಡ್ಡ ದಾರಿ.

ಇದೆಲ್ಲಕ್ಕೂ ಮೊದಲು, ಎಂಜಿನ್ನಿನಿಂದ ಎಚ್‌ಎಸ್‌ಟಿಗೆ ಹೋಗುವ ಬೆಲ್ಟು ಬಿಗಿ ಇದೆಯಾ ನೋಡಿ. ಬೆಲ್ಟು ಜಾರಿದರೂ ಮಷಿನ್ ಜಗ್ಗುವುದಿಲ್ಲ.

ಇಬ್ಬನಿ ಆರುವ ತನಕ

ಚಳಿಗಾಲದಲ್ಲಿ ಬೆಳಗಿನ ಇಬ್ಬನಿಗೆ ತೆನೆ ಒದ್ದೆಯಾಗಿರುತ್ತದೆ. ಒಂಬತ್ತು, ಹತ್ತು ಗಂಟೆಯ ತನಕ ಕೊಯ್ಯಲು ಆಗುವುದಿಲ್ಲ. ಕೊಯ್ದರೆ ಹುಲ್ಲು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಾಳಿನ ತೇವವೂ ಜಾಸ್ತಿ. ಮಷಿನ್ ಬೆಚ್ಚಗಾಗಲು ಬೇಕಾದ ಸಮಯ ಇದರಿಂದ ಹೇಗೂ ಸಿಗುತ್ತದೆ. ಆದರೂ ಬಹಳ ಡ್ರೈವರ್‌ಗಳು ಹತ್ತು ಗಂಟೆಗೆ ಕೀ ತಿರುಗಿಸಿ ಅದೇ ನಿಮಿಷ ಆಕ್ಸಿಲರೇಟರ್ ಪೂರ್ತಿ ಏರಿಸಿ ಗದ್ದೆಗೆ ಇಳಿಯುತ್ತಾರೆ. ತಾಸಿನ ಲೆಕ್ಕದ ಬಾಡಿಗೆಯ ಅವಸರ ಅರ್ಥವಾಗುತ್ತದೆ. ಆದರೆ ಈ ಒಂದು ಅಭ್ಯಾಸ ಬಿಟ್ಟರೆ ಪಂಪಿನ ಆಯಸ್ಸು ಹೆಚ್ಚುತ್ತದೆ.

ತಣ್ಣಗಿರುವಾಗಲೇ ಎಣ್ಣೆಯ ಮಟ್ಟ ನೋಡಿ. ಸ್ಟಾರ್ಟ್ ಮಾಡಿ ಕಡಿಮೆ ಆರ್‌ಪಿಎಂನಲ್ಲಿ, ನ್ಯೂಟ್ರಲ್‌ನಲ್ಲಿ ಐದರಿಂದ ಹತ್ತು ನಿಮಿಷ ಬಿಡಿ. ಆರ್‌ಪಿಎಂ ಕಡಿಮೆ ಇದ್ದರೆ ಚಾರ್ಜ್ ಪಂಪು ಕೇಳುವ ಎಣ್ಣೆಯೂ ಕಡಿಮೆ, ಫಿಲ್ಟರ್ ಅಷ್ಟನ್ನು ಕೊಡಬಲ್ಲದು. ಆಮೇಲೆ ಬದುವಿನ ಪಕ್ಕದ ದಾರಿಯಲ್ಲಿ ಮೆಲ್ಲಗೆ ಮುಂದೆ ಹಿಂದೆ ಓಡಿಸಿ. ಬರೀ ನ್ಯೂಟ್ರಲ್‌ನಲ್ಲಿ ನಿಂತರೆ ಮೋಟರ್ ಕಡೆಯ ಎಣ್ಣೆ ಬೇಗ ಬಿಸಿಯಾಗುವುದಿಲ್ಲ. ಕೂಗು ಪೂರ್ತಿ ನಿಂತ ಮೇಲೆಯೇ ಭಾರ ಹಾಕಿ.

ಬಿಸಿಯಾದ ಮೇಲೆ ಸೋಲುವುದು ಬೇರೆ ಕಥೆ

ಈಗ ಮೇ ತಿಂಗಳಿಗೆ ಬರೋಣ. ಹೊರಗೆ 42 ಡಿಗ್ರಿ, ಎಣ್ಣೆ 80 ಡಿಗ್ರಿ. ಡಿಸೆಂಬರ್ ಬೆಳಿಗ್ಗೆ 185 ಇದ್ದ ಎಣ್ಣೆ ಈಗ 11. ಎಣ್ಣೆ ಎಷ್ಟು ಪಟ್ಟು ತೆಳುವಾಯಿತೋ ಸಂದಿನ ಸೋರಿಕೆ ಅಷ್ಟು ಪಟ್ಟು ಹೆಚ್ಚುತ್ತದೆ. ಇಲ್ಲಿ ಅದು ಹದಿನಾರು ಪಟ್ಟಿಗಿಂತ ಜಾಸ್ತಿ.

ಸವೆತದ ಲೆಕ್ಕ ಇನ್ನೂ ಕಠಿಣ. ಸಂದು ಎರಡು ಪಟ್ಟು ಅಗಲವಾದರೆ ಸೋರಿಕೆ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಸಂದು ಮೂರು ಪಟ್ಟಾದರೆ ಸೋರಿಕೆ ಇಪ್ಪತ್ತೇಳು ಪಟ್ಟು. ಅದಕ್ಕೇ ಹಳೆ ಎಚ್‌ಎಸ್‌ಟಿ ಬಹಳ ವರ್ಷ ಚೆನ್ನಾಗಿದ್ದು, ಕೊನೆಗೆ ಒಂದೆರಡು ಸೀಜನ್ನಿನಲ್ಲೇ ಪೂರ್ತಿ ಸೋಲುತ್ತದೆ. ಹೋದ ವರ್ಷ ಸರಿಯಿತ್ತು ಎಂಬ ಮಾತು ಸುಳ್ಳಲ್ಲ.

ಹೀಗೆ ಸೋರಿದ ಎಣ್ಣೆ ಸುಮ್ನೆ ಹೋಗುವುದಿಲ್ಲ. ಅದರ ಒತ್ತಡದ ಶಕ್ತಿಯೆಲ್ಲ ಬಿಸಿಯಾಗಿ ಮಾರ್ಪಡುತ್ತದೆ. ಎಣ್ಣೆ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ತೆಳುವಾಗುತ್ತದೆ, ಇನ್ನಷ್ಟು ಸೋರುತ್ತದೆ. ಮಧ್ಯಾಹ್ನ ನಿಂತ ಮಷಿನ್ ನೆರಳಲ್ಲಿ ಒಂದು ತಾಸು ಬಿಟ್ಟರೆ ಮತ್ತೆ ಓಡುವುದು ಈ ಕಾರಣಕ್ಕೆ.

ಆದರೆ ಬಿಸಿಗೆ ಸೋತ ಕೂಡಲೇ ಪಂಪು ಬಿಚ್ಚಬೇಡಿ. ಆಯಿಲ್ ಕೂಲರ್ ನೋಡಿ. ಭತ್ತದ ಹೊಟ್ಟು, ದೂಳು ಕೂಲರಿನ ರೆಕ್ಕೆಗಳ ನಡುವೆ ತುಂಬಿ ಗಾಳಿ ಹೋಗದಂತೆ ಆಗಿರುತ್ತದೆ. ಮುಂದಿನಿಂದ ಜಾಲರಿ ಸ್ವಚ್ಛ ಕಂಡರೂ ಕೂಲರ್ ಮತ್ತು ರೇಡಿಯೇಟರಿನ ನಡುವೆ ಹೊಟ್ಟು ಕೂತಿರುತ್ತದೆ. ಬೇಸಿಗೆ ಕೊಯ್ಲಿನಲ್ಲಿ ದಿನಕ್ಕೆ ಎರಡು ಮೂರು ಸಲ ಗಾಳಿ ಹಿಡಿದು ಊದಿಸುವುದು ಅತಿಯಲ್ಲ. ಕೂಲರ್ ಸ್ವಚ್ಛ, ಎಣ್ಣೆ ಸರಿ, ಮಟ್ಟ ಸರಿ, ಬೆಲ್ಟು ಬಿಗಿ, ಆದರೂ ಕಾದ ಮೇಲೆ ಸೋಲುತ್ತದೆ ಅಂದರೆ ಒಳಗೆ ಸವೆದಿದೆ ಅನ್ನಬಹುದು. ಆಗಲೂ ಮೊದಲು ಗೇಜ್ ಹಾಕಿ ಚಾರ್ಜ್ ಒತ್ತಡ ನೋಡುವ ಮೇಸ್ತ್ರಿಯ ಹತ್ತಿರ ಹೋಗಿ, ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ. ಗೇಜ್ ಇಲ್ಲದೆ, ಕೇಳಿದ್ದರ ಮೇಲೇ ಬಿಚ್ಚಲು ಹೊರಡುವವರ ಕೈಗೆ ಎಚ್‌ಎಸ್‌ಟಿ ಕೊಡಬೇಡಿ. ದೂಳಿನ ಶೆಡ್ಡಿನಲ್ಲಿ ಬಿಚ್ಚಿದ ಪಂಪಿಗೆ ಸೇರುವ ಮಣ್ಣಿನ ಕಣವೇ ಹೊಸ ಪಿಸ್ಟನ್ ಗೀರಲು ಸಾಕು.

ದಪ್ಪ ಎಣ್ಣೆಯ ಉಪಾಯ

ಸವೆದ ಎಚ್‌ಎಸ್‌ಟಿಗೆ ದಪ್ಪ ಎಣ್ಣೆ ಸುರಿದು ಸೀಜನ್ ದೂಡುವ ರೂಢಿ ಇದೆ. ಬೇಸಿಗೆಯಲ್ಲಿ ಅದು ಕೆಲಸ ಮಾಡುವಂತೆ ಕಾಣುತ್ತದೆ, ಯಾಕೆಂದರೆ ದಪ್ಪ ಎಣ್ಣೆ ಕಡಿಮೆ ಸೋರುತ್ತದೆ. ಪುಸ್ತಕವೇ ಒಪ್ಪುವ ಹಾಗಿದ್ದರೆ ಬೇಸಿಗೆಗೆ 46ರ ಬದಲು 68ರ ಎಣ್ಣೆ ಹಾಕುವುದರಲ್ಲಿ ತಪ್ಪಿಲ್ಲ. ಆದರೆ 90ರ ಗೇರ್ ಆಯಿಲ್ ಹಾಕಿದವರು ಡಿಸೆಂಬರ್‌ನಲ್ಲಿ ಅದನ್ನು ತೆಗೆಯಲು ಮರೆಯುತ್ತಾರೆ. ಆಗ ಸವೆದ ಪಂಪಿಗೆ ಬೆಳಿಗ್ಗೆ ಎಣ್ಣೆಯೇ ಸಿಗದೆ ಇನ್ನೊಂದು ಪೆಟ್ಟು ಬೀಳುತ್ತದೆ. ಎರಡೂ ಕಾಲಕ್ಕೆ ಒಂದೇ ಎಣ್ಣೆ ಬೇಕೆನ್ನುವವರು ಡಬ್ಬಿಯ ಮೇಲೆ ವಿಸ್ಕಾಸಿಟಿ ಇಂಡೆಕ್ಸ್ ಎಷ್ಟಿದೆ ಕೇಳಿ. ಮಾಮೂಲಿ ಹೈಡ್ರಾಲಿಕ್ ಆಯಿಲ್ಲಿಗೆ ಅದು 100ರ ಆಸುಪಾಸು. 140, 150 ಇರುವ ಎಣ್ಣೆ ಚಳಿಗೆ ಕಡಿಮೆ ದಪ್ಪಗಾಗುತ್ತದೆ, ಬಿಸಿಗೆ ಕಡಿಮೆ ತೆಳುವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಮಷಿನ್ ನೋಡಲು ಹೋಗುವವರಿಗೆ ಇದೆಲ್ಲ ಇನ್ನೂ ಜಾಸ್ತಿ ಉಪಯೋಗ. ಮಾರುವವರಿಗೆ ಮೊದಲೇ ಫೋನ್ ಮಾಡಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎನ್ನಿ. ಬೆಳಿಗ್ಗೆ ಹೋಗಿ ಎಂಜಿನ್ ಮೇಲೆ ಕೈಯಿಟ್ಟು ತಣ್ಣಗಿದೆಯಾ ನೋಡಿ. ಮೊದಲ ಹತ್ತು ನಿಮಿಷದ ಸದ್ದು ಕೇಳಿ, ನ್ಯೂಟ್ರಲ್‌ನಲ್ಲಿ ತೆವಳುತ್ತದಾ ನೋಡಿ. ಆಮೇಲೆ ಕನಿಷ್ಠ ಎರಡು ತಾಸು ಗದ್ದೆಯಲ್ಲಿ ದುಡಿಸಿ, ಟ್ಯಾಂಕು ತುಂಬಿಕೊಂಡು ಬದು ಹತ್ತಿಸಿ. ಬೆಳಿಗ್ಗೆ ಕೂಗಿ, ಕಾದ ಮೇಲೆ ಗಟ್ಟಿಯಾಗಿ ಜಗ್ಗಿದರೆ ಫಿಲ್ಟರ್, ಪೈಪು, ಎಣ್ಣೆಯ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಬಹುದು. ಬೆಳಿಗ್ಗೆ ಚೆನ್ನಾಗಿ ಓಡಿ ಕಾದ ಮೇಲೆ ಬದುವಿನಲ್ಲಿ ನಿಂತರೆ, ಕೂಲರ್ ಸ್ವಚ್ಛವಿದ್ದ ಪಕ್ಷದಲ್ಲಿ, ಪೂರ್ತಿ ಪಂಪು ಮತ್ತು ಮೋಟರಿನ ಬೆಲೆ ಕಳೆದು ಲೆಕ್ಕ ಹಾಕಿ. ಎರಡೂ ಹೊತ್ತು ಸೋಲುವ ಮಷಿನ್ನಿನ ಟ್ಯಾಂಕಿನಲ್ಲಿ ಯಾವ ಎಣ್ಣೆ ಇದೆ ಎಂದು ಕೇಳಿ, ಒಂದು ಹನಿ ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿ. ಗೇರ್ ಆಯಿಲ್ಲಿನ ಗಂಧಕದ ವಾಸನೆ ಬಂದರೆ ಆ ಪಂಪು ಸವೆದು ಆಗಲೇ ಬಹಳ ದಿನ ಆಗಿರಬಹುದು.